ಸಂಕಲನ ಕೊಳ್ಳುವ ಮೊದಲು ಡ್ರಮ್ ಕೇಳಿ: ಓಝಿ ಆಸ್ಬರ್ನ್ ಅವರ ‘ದಿ ಓಝ್‌ಮನ್ ಕಮೆತ್’ ಎಷ್ಟು ಗಟ್ಟಿ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸಿಡಿ ಮಾರುವವರೊಬ್ಬರ ಹತ್ತಿರ ಹೆವಿ ಮೆಟಲ್ ಗಾಯಕ ಓಝಿ ಆಸ್ಬರ್ನ್ ಅವರ ‘ದಿ ಓಝ್‌ಮನ್ ಕಮೆತ್’ ಇದೆ. ತಗೊಳ್ಳೋಣ ಅಂದರೆ ಗೆಳೆಯರು ‘ದಿ ಎಸೆನ್ಷಿಯಲ್ ಓಝಿ ಆಸ್ಬರ್ನ್’ ತಗೋ, ಅದರಲ್ಲಿ ಎರಡು ಡಿಸ್ಕ್ ಇದೆ ಅನ್ನುತ್ತಾರೆ. ಇನ್ನೊಂದು ಗೊಂದಲವೂ ಇದೆ. ನನ್ನಲ್ಲಿರುವ 2002ರ ‘ಡೈರಿ ಆಫ್ ಎ ಮ್ಯಾಡ್‌ಮನ್’ ಸಿಡಿಯ ‘ಓವರ್ ದ ಮೌಂಟನ್’ ಹಾಡಿಗೂ ಈ ಸಂಕಲನದಲ್ಲಿರುವ ಅದೇ ಹಾಡಿಗೂ ಡ್ರಮ್ಮೇ ಬೇರೆ ಅನ್ನಿಸಿತು. ನನ್ನ ಕಿವಿಯ ದೋಷವೇ? ಇಂಥ ಗ್ರೇಟೆಸ್ಟ್ ಹಿಟ್ಸ್ ಆಲ್ಬಂ ಒಳ್ಳೆಯದೋ ಅಲ್ಲವೋ ಎಂದು ಅಳೆಯುವುದು ಹೇಗೆ?

ಉತ್ತರ: ನಿಮ್ಮ ಕಿವಿ ಚೆನ್ನಾಗಿಯೇ ಇದೆ. ನಿಮ್ಮ 2002ರ ಡಿಸ್ಕಿನಲ್ಲಿ ಡ್ರಮ್ ನುಡಿಸಿರುವವರೇ ಬೇರೆ. ಓಝಿ ವಿಷಯದಲ್ಲಿ ಸಂಕಲನವನ್ನು ಅಳೆಯುವ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಯಾವ ಹಾಡುಗಳಿವೆ ಎನ್ನುವುದನ್ನು ಹಿಂಬದಿಯ ಕವರ್ ನೋಡಿ ಅರ್ಧ ನಿಮಿಷದಲ್ಲಿ ತಿಳಿಯಬಹುದು. ಆ ಹಾಡಿನ ಯಾವ ಧ್ವನಿಮುದ್ರಣ ಒಳಗಿದೆ ಎನ್ನುವುದು ಕವರ್ ಮೇಲೆ ಇರುವುದಿಲ್ಲ.

ನಡೆದದ್ದು ಇಷ್ಟು. ತಾವು ಹಾಡುತ್ತಿದ್ದ ಬ್ಯಾಂಡ್ ಬ್ಲ್ಯಾಕ್ ಸ್ಯಾಬತ್‌ನಿಂದ ಹೊರಬಿದ್ದ ಮೇಲೆ ಓಝಿ ಮಾಡಿದ ಮೊದಲ ಎರಡು ಆಲ್ಬಂಗಳು ‘ಬ್ಲಿಜರ್ಡ್ ಆಫ್ ಓಝ್’ (1980) ಮತ್ತು ‘ಡೈರಿ ಆಫ್ ಎ ಮ್ಯಾಡ್‌ಮನ್’ (1981). ಎರಡಕ್ಕೂ ಗಿಟಾರ್ ರ‍್ಯಾಂಡಿ ರೋಡ್ಸ್, ಬೇಸ್ ಬಾಬ್ ಡೈಸ್ಲಿ, ಡ್ರಮ್ ಲೀ ಕರ್ಸ್ಲೇಕ್. ಎರಡೂ ಇಂಗ್ಲೆಂಡಿನ ಸರ‍್ರಿಯಲ್ಲಿದ್ದ ರಿಜ್ ಫಾರ್ಮ್ ಸ್ಟುಡಿಯೋದಲ್ಲಿ ಮುದ್ರಣವಾದವು. ಸಾಹಿತ್ಯದ ಬಹುಪಾಲು ಡೈಸ್ಲಿಯದು. ಆದರೆ ‘ಡೈರಿ’ ಹೊರಬರುವ ಹೊತ್ತಿಗೆ ಡೈಸ್ಲಿ ಮತ್ತು ಕರ್ಸ್ಲೇಕ್ ಇಬ್ಬರನ್ನೂ ಕೈಬಿಡಲಾಗಿತ್ತು. ಕವರ್ ಮೇಲೆ ಬಂದದ್ದು ಆಮೇಲೆ ಸೇರಿದ ರೂಡಿ ಸಾರ್ಜೊ ಮತ್ತು ಟಾಮಿ ಆಲ್ಡ್ರಿಜ್ ಹೆಸರು. ಅವರು ಆ ಆಲ್ಬಂನಲ್ಲಿ ಒಂದು ಸ್ವರವನ್ನೂ ನುಡಿಸಿರಲಿಲ್ಲ. ಮುಂದೆ ರಾಯಲ್ಟಿ ವಿಚಾರ ಕೋರ್ಟ್ ಮೆಟ್ಟಿಲೇರಿತು. 2002ರಲ್ಲಿ ಎರಡೂ ಆಲ್ಬಂಗಳು ಮರುಬಿಡುಗಡೆಯಾದಾಗ ಹಳೆಯ ಬೇಸ್ ಮತ್ತು ಡ್ರಮ್ ಟ್ರ್ಯಾಕ್‌ಗಳನ್ನು ಅಳಿಸಿ, ರಾಬರ್ಟ್ ಟ್ರುಹಿಲ್ಲೊ ಮತ್ತು ಮೈಕ್ ಬಾರ್ಡಿನ್ ಅವರಿಂದ ಹೊಸದಾಗಿ ನುಡಿಸಿ ಕೂರಿಸಲಾಗಿತ್ತು. ಗಾಯನ ಹಳೆಯದು, ಗಿಟಾರ್ ಹಳೆಯದು, ಕೆಳಗಿನ ಅಡಿಪಾಯ ಹೊಸದು. 2011ರ ಮರುಬಿಡುಗಡೆಯಲ್ಲಿ ಮೂಲ ಟ್ರ್ಯಾಕ್‌ಗಳು ವಾಪಸು ಬಂದವು.

ಇದರಿಂದ ಒಂದು ಸುಲಭದ ಸೂತ್ರ ಸಿಗುತ್ತದೆ. 2002ಕ್ಕೆ ಮೊದಲು ಒತ್ತಿದ ಯಾವುದೇ ಸಂಕಲನದಲ್ಲಿ ಈ ಎರಡು ಆಲ್ಬಂಗಳ ಹಾಡುಗಳು ಮೂಲ ವಾದನದವೇ. ಹೊಸ ವಾದನ ಆಗ ಹುಟ್ಟಿಯೇ ಇರಲಿಲ್ಲ. 2002ರಿಂದ 2011ರ ನಡುವೆ ಬಂದದ್ದನ್ನು ಅನುಮಾನದಿಂದಲೇ ಕೇಳಿ. ‘ದಿ ಎಸೆನ್ಷಿಯಲ್’ ಬಂದದ್ದು 2003ರಲ್ಲಿ, ಬದಲಾದ ಮಾಸ್ಟರ್‌ಗಳೇ (ಪ್ರತಿಗಳನ್ನು ಒತ್ತಲು ಬಳಸುವ ಅಂತಿಮ ಧ್ವನಿಮುದ್ರಣಗಳು) ಚಾಲ್ತಿಯಲ್ಲಿದ್ದ ಕಾಲದಲ್ಲಿ. ‘ದಿ ಓಝ್‌ಮನ್ ಕಮೆತ್’ ಮೊದಲು ಬಂದದ್ದು 1997ರಲ್ಲಿ. ನಿಮ್ಮ ಮಾರಾಟಗಾರರ ಬಳಿ ಇರುವುದು ಆ ಮೊದಲ ಮುದ್ರಣವಾದರೆ ಈ ಒಂದು ಕಾರಣಕ್ಕೇ ಅದರ ತೂಕ ಹೆಚ್ಚು.

ಕಿವಿಯಿಂದಲೇ ಪತ್ತೆಹಚ್ಚಲು ‘ಓವರ್ ದ ಮೌಂಟನ್’ಗಿಂತ ಒಳ್ಳೆಯ ಹಾಡಿಲ್ಲ. ಅದು ಶುರುವಾಗುವುದೇ ಒಂಟಿ ಡ್ರಮ್ ಉರುಳಿಕೆಯಿಂದ. ಗಿಟಾರ್ ಬರುವ ಮುಂಚಿನ ಆ ಕೆಲವೇ ಸೆಕೆಂಡುಗಳಲ್ಲಿ ನಿಮಗೆ ಕೇಳಿಸುವುದು ಡ್ರಮ್ಮರ್ ಒಬ್ಬರೇ. ಕರ್ಸ್ಲೇಕ್ ನುಡಿಸಿದ್ದರಲ್ಲಿ ಟಾಮ್‌ಗಳ (ದಪ್ಪ ಸದ್ದಿನ ಡ್ರಮ್‌ಗಳು) ಪೆಟ್ಟಿನ ಹಿಂದೆ ಕೋಣೆಯ ಗುಂಗು ಇದೆ, ಪೆಟ್ಟುಗಳು ಒಂದಕ್ಕೊಂದು ಒರಗಿಕೊಂಡು ಉರುಳುತ್ತವೆ. ಬಾರ್ಡಿನ್ ನುಡಿಸಿದ್ದು ಒಣ, ಬಿಗಿ, ಪ್ರತಿ ಪೆಟ್ಟೂ ಕತ್ತರಿಸಿಟ್ಟ ಹಾಗೆ. ಕೆಟ್ಟ ವಾದನವೇನಲ್ಲ, ಬಾರ್ಡಿನ್ ಸಾಮಾನ್ಯ ಡ್ರಮ್ಮರ್ ಅಲ್ಲ. ಆದರೆ 1981ರ ಗಿಟಾರ್ ಸದ್ದಿನ ಕೆಳಗೆ ಇಪ್ಪತ್ತು ವರ್ಷ ಕಿರಿಯ ಡ್ರಮ್ ಸದ್ದು ಕೂತರೆ ಎರಡೂ ಬೇರೆ ಬೇರೆ ಕೋಣೆಯಲ್ಲಿದ್ದಂತೆ ಕೇಳುತ್ತದೆ. ರೋಡ್ಸ್ ಆ ಹೊತ್ತಿನ ಡ್ರಮ್ಮಿಗೆ ಸ್ಪಂದಿಸಿ ನುಡಿಸಿದ್ದರು. ಎದುರಿಗಿದ್ದವರನ್ನು ಆಮೇಲೆ ಬದಲಿಸಿದರೆ ಆ ಮಾತುಕತೆ ತಪ್ಪುತ್ತದೆ. ಎರಡನೆಯ ಪರೀಕ್ಷೆಗೆ ‘ಗುಡ್‌ಬೈ ಟು ರೊಮಾನ್ಸ್’ ತೆಗೆದುಕೊಳ್ಳಿ. ನಿಧಾನದ ಹಾಡು, ಬೇಸ್ ಬಿಡಿಯಾಗಿ ಕೇಳುತ್ತದೆ. ಡೈಸ್ಲಿ ಅಲ್ಲಿ ಮೂಲ ಸ್ವರವನ್ನು ಹಿಡಿದು ಕೂರದೆ ಹಾಡಿನ ಧಾಟಿಯ ಪಕ್ಕದಲ್ಲೇ ಇನ್ನೊಂದು ಧಾಟಿ ಹೆಣೆಯುತ್ತಾರೆ. ಹೋಲಿಸಲು 2011ರ ಆವೃತ್ತಿಯನ್ನು ಇಟ್ಟುಕೊಳ್ಳಿ. ಇಯರ್‌ಫೋನ್ ಸಾಕು, ದುಬಾರಿ ಉಪಕರಣ ಏನೂ ಬೇಕಿಲ್ಲ.

ಇನ್ನು ‘ಓಝ್‌ಮನ್ ಕಮೆತ್’ನ ಪಟ್ಟಿಗೆ ಬರೋಣ. ಮೊದಲ ಡಿಸ್ಕಿನಲ್ಲಿ 15 ಹಾಡುಗಳು (ಮೊದಲ ಮುದ್ರಣಗಳ ಜೊತೆ ಒಂದು ಬೋನಸ್ ಡಿಸ್ಕೂ ಬಂದಿತ್ತು). ಆಲ್ಬಂವಾರು ಎಣಿಸುವುದು ವಾಡಿಕೆ. ಓಝಿಗೆ ಮಾತ್ರ ಗಿಟಾರ್ ವಾದಕರವಾರು ಎಣಿಸುವುದೇ ಸರಿಯಾದ ಅಳತೆ, ಏಕೆಂದರೆ ಅವರ ವೃತ್ತಿಜೀವನದ ಘಟ್ಟಗಳು ಬದಲಾದದ್ದು ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತವರಿಂದ. ಸ್ಯಾಬತ್ ಗಿಟಾರ್ ವಾದಕ ಟೋನಿ ಐಯೋಮಿಯ ಕಾಲದ ಎರಡು: ‘ಬ್ಲ್ಯಾಕ್ ಸ್ಯಾಬತ್’, ‘ವಾರ್ ಪಿಗ್ಸ್’. ರ‍್ಯಾಂಡಿ ರೋಡ್ಸ್ ಇರುವ ಐದು: ‘ಗುಡ್‌ಬೈ ಟು ರೊಮಾನ್ಸ್’, ‘ಕ್ರೇಜಿ ಟ್ರೇನ್’, ‘ಮಿಸ್ಟರ್ ಕ್ರೌಲಿ’, ‘ಓವರ್ ದ ಮೌಂಟನ್’, ಜೊತೆಗೆ ‘ಟ್ರಿಬ್ಯೂಟ್’ ಆಲ್ಬಂನಿಂದ ಸ್ಯಾಬತ್ ಹಾಡು ‘ಪ್ಯಾರನಾಯ್ಡ್’ನ ಲೈವ್. ಜೇಕ್ ಇ. ಲೀ ಎರಡು: ‘ಬಾರ್ಕ್ ಅಟ್ ದ ಮೂನ್’, ‘ಶಾಟ್ ಇನ್ ದ ಡಾರ್ಕ್’. ಝ್ಯಾಕ್ ವೈಲ್ಡ್ ಐದು: ‘ಕ್ರೇಜಿ ಬೇಬೀಸ್’, ‘ನೋ ಮೋರ್ ಟಿಯರ್ಸ್’, ‘ಮಾಮಾ, ಐಯಾಮ್ ಕಮಿಂಗ್ ಹೋಮ್’, ‘ಐ ಡೋಂಟ್ ವಾಂಟ್ ಟು ಚೇಂಜ್ ದ ವರ್ಲ್ಡ್’ನ ಲೈವ್, ‘ಐ ಜಸ್ಟ್ ವಾಂಟ್ ಯೂ’. ಉಳಿದದ್ದು ‘ಬ್ಯಾಕ್ ಆನ್ ಅರ್ತ್’, ಅಲ್ಲಿಯವರೆಗೆ ಹೊರಬಾರದಿದ್ದ ಹಾಡು.

ಮೇಲ್ನೋಟಕ್ಕೆ ನ್ಯಾಯವಾದ ಹಂಚಿಕೆ. ಹತ್ತಿರದಿಂದ ನೋಡಿದರೆ ಎರಡು ಕಡೆ ತೂತು ಕಾಣುತ್ತದೆ. ಒಂದು, ‘ಡೈರಿ ಆಫ್ ಎ ಮ್ಯಾಡ್‌ಮನ್’ನಿಂದ ಒಂದೇ ಒಂದು ಹಾಡು. ‘ಫ್ಲೈಯಿಂಗ್ ಹೈ ಅಗೇನ್’ ಇಲ್ಲ. ಆಲ್ಬಂನ ಹೆಸರಿನ ಹಾಡೂ ಇಲ್ಲ, ರೋಡ್ಸ್ ಅವರ ಶಾಸ್ತ್ರೀಯ ಗಿಟಾರ್ ಒಲವು ಅತಿ ಸ್ಪಷ್ಟವಾಗಿ ಕಾಣುವುದು ಅದರಲ್ಲೇ. ಆರು ನಿಮಿಷದ ಹಾಡು, ಹಿಟ್ ಆಗಿರಲಿಲ್ಲ ಎಂದು ಬಿಟ್ಟಿರಬಹುದು. ಆದರೂ ಅದಿಲ್ಲದೆ ರೋಡ್ಸ್ ಏನು ಮಾಡುತ್ತಿದ್ದರು ಎನ್ನುವುದರ ಅರ್ಧವೇ ಗೊತ್ತಾಗುತ್ತದೆ. ಇನ್ನೊಂದು, 1995ರ ‘ಓಝ್‌ಮೋಸಿಸ್’ನಿಂದ ‘ಪೆರಿ ಮೇಸನ್’ ಬಿಟ್ಟು ‘ಐ ಜಸ್ಟ್ ವಾಂಟ್ ಯೂ’ ಹಾಕಿದ್ದು. ಮೆಟಲ್ ಕೇಳುಗರಿಗೆ ಆ ಆಲ್ಬಂನ ಮುಖ ‘ಪೆರಿ ಮೇಸನ್’. ಗೀಝರ್ ಬಟ್ಲರ್ ಅವರ ಬೇಸ್, ರಿಕ್ ವೇಕ್‌ಮನ್ ಅವರ ಕೀಬೋರ್ಡ್ ಸೇರಿದ ಆ ಆಲ್ಬಂನಿಂದ ಅಂಥ ಗಟ್ಟಿ ಹಾಡು ಕೈಬಿಟ್ಟು ಹೋಗಬಾರದಿತ್ತು.

ಶುರುವಿನ ಎರಡು ಸ್ಯಾಬತ್ ಹಾಡುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಲ್ಬಂನಲ್ಲಿ ಅವನ್ನು ಓಝಿಯ ‘1970ರ ಬೇಸ್‌ಮೆಂಟ್ ಟೇಪ್‌ಗಳು’ ಎಂದು ಕರೆದಿದ್ದಾರೆ. ನೆಲಮಾಳಿಗೆಯ ಧೂಳು ಹಿಡಿದ ಪೆಟ್ಟಿಗೆಯಿಂದ ಹೆಕ್ಕಿದ್ದು ಎನ್ನುವ ಚಿತ್ರ ಕಣ್ಣಿಗೆ ಬರಲಿ ಎಂದು. ವಾಸ್ತವದಲ್ಲಿ ಅವು 1970ರ ಏಪ್ರಿಲ್‌ನಲ್ಲಿ ಬಿಬಿಸಿ ರೇಡಿಯೋದ ಜಾನ್ ಪೀಲ್ ಕಾರ್ಯಕ್ರಮಕ್ಕೆ ಬ್ಯಾಂಡ್ ನುಡಿಸಿದ್ದು. ‘ವಾರ್ ಪಿಗ್ಸ್’ನ ಸಾಲುಗಳು ಆಮೇಲೆ ‘ಪ್ಯಾರನಾಯ್ಡ್’ ಆಲ್ಬಂನಲ್ಲಿ ಬಂದ ಸಾಲುಗಳಲ್ಲ. ಯುದ್ಧ ವಿರೋಧದ ಹಾಡಾಗುವ ಮುಂಚಿನ, ಮಾಟಗಾತಿಯರ ಕೂಟದ ಹಾಡು ಇದು. ಸ್ಯಾಬತ್ ಬಲ್ಲವರಿಗೆ ಈ ಮುದ್ರಣ ಚಿನ್ನ. ಓಝಿಯನ್ನು ಈಗಷ್ಟೇ ಕೇಳಲು ಹೊರಟವರಿಗೆ? ಎರಡೂ ಸೇರಿ 17 ನಿಮಿಷ ದಾಟುತ್ತವೆ, ಅಂದರೆ ಡಿಸ್ಕಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು. ಸ್ಯಾಬತ್‌ನ ಸ್ಟುಡಿಯೋ ಮಾಸ್ಟರ್‌ಗಳು ಬೇರೆ ಕಂಪನಿಗಳ ಕೈಯಲ್ಲಿದ್ದವು. ಗಾಯಕನ ಮೊದಲ ಅಧ್ಯಾಯವನ್ನು ಬಿಡುವಂತಿಲ್ಲ, ಮೂಲ ಮುದ್ರಣ ಹಾಕುವಂತೆಯೂ ಇಲ್ಲ ಎಂಬ ಪೇಚಿಗೆ ರೇಡಿಯೋ ಟೇಪ್ ಮತ್ತು ಲೈವ್ ‘ಪ್ಯಾರನಾಯ್ಡ್’ ಒದಗಿಬಂದಿವೆ. ಬೇರೆ ಗಾಯಕರ ಸಂಕಲನಗಳನ್ನು ನೋಡುವಾಗಲೂ ಇದನ್ನು ಗಮನಿಸಿ: ಹಳೆಯ ಬ್ಯಾಂಡಿನ ಹಾಡು ಲೈವ್ ಆಗಿಯೋ ಡೆಮೊ ಆಗಿಯೋ ಬಂದಿದ್ದರೆ ಹತ್ತಕ್ಕೆ ಒಂಬತ್ತು ಸಲ ಅದಕ್ಕೆ ಕಾರಣ ಹಕ್ಕುಗಳ ಹಂಚಿಕೆ, ಸಂಗೀತದ ಆಯ್ಕೆ ಅಲ್ಲ.

ಒಂದು ಸಲಹೆ: ಮೊದಲ ಸಲ ಕೇಳುವಾಗ ಮೂರನೆಯ ಹಾಡಿನಿಂದ ಶುರುಮಾಡಿ, ಆ ಎರಡನ್ನು ಕೊನೆಗೆ ಕೇಳಿ. ಆಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಸ್ಯಾಬತ್‌ನಲ್ಲಿ ಓಝಿಯ ಧಾಟಿ ಬಹಳ ಕಡೆ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ಹೋದ ದಾರಿಯಲ್ಲೇ ಹೋಗುತ್ತದೆ. ರೋಡ್ಸ್ ಜೊತೆ ಹಾಗಲ್ಲ. ‘ಕ್ರೇಜಿ ಟ್ರೇನ್’ನ ಪ್ರಸಿದ್ಧ ರಿಫ್ ಎಫ್ ಶಾರ್ಪ್ ಮೈನರ್‌ನಲ್ಲಿದೆ, ಗಾಯನ ಶುರುವಾಗುತ್ತಲೇ ಹಾಡು ಎ ಮೇಜರ್‌ಗೆ ಹೊರಳುತ್ತದೆ. ಗಿಟಾರ್ ಕೆಳಗೆ ತನ್ನ ಪಾಡಿಗೆ ಓಡಾಡುತ್ತಿದ್ದರೆ ಗಾಯನ ಮೇಲೆ ತನ್ನದೇ ಧಾಟಿ ಹಿಡಿಯುತ್ತದೆ. ಓಝಿಯ ಕಂಠದ ವ್ಯಾಪ್ತಿ ದೊಡ್ಡದಲ್ಲ, ಕಂಪನವೂ ಕಡಿಮೆ. ರಾನಿ ಜೇಮ್ಸ್ ಡಿಯೋ ಅಥವಾ ರಾಬ್ ಹ್ಯಾಲ್ಫರ್ಡ್ ಥರದ ಮೆಟಲ್ ಗಾಯಕರನ್ನು ಅಳೆಯುವ ಕೋಲಿನಲ್ಲಿ ಅಳೆದರೆ ಓಝಿ ಸೋಲುತ್ತಾರೆ. ಅವರ ಬಲ ಇರುವುದು ಮರೆಯಲಾಗದ ಧಾಟಿಯಲ್ಲಿ, ದೂರದಿಂದಲೇ ಗುರುತು ಸಿಗುವ ಮೂಗಿನ ದನಿಯಲ್ಲಿ.

ಆ ದನಿಯನ್ನು ಸ್ಟುಡಿಯೋದಲ್ಲಿ ಎರಡೆರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸಿದ್ದಾರೆ. ಇಯರ್‌ಫೋನ್ ಹಾಕಿ ಸಾಲಿನ ಕೊನೆಯ ‘ಸ್’, ‘ಟ್’ ವ್ಯಂಜನಗಳನ್ನು ಗಮನಿಸಿ, ಒಂದರ ಹಿಂದೆ ಇನ್ನೊಂದು ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಲೈವ್ ‘ಪ್ಯಾರನಾಯ್ಡ್’ನಲ್ಲಿ ದನಿ ತೆಳುವಾಯಿತು ಅನ್ನಿಸಿದರೆ ಆ ಆಸರೆ ಅಲ್ಲಿಲ್ಲದ್ದೂ ಒಂದು ಕಾರಣ. ಸಂಕಲನದಲ್ಲಿ ಸ್ಟುಡಿಯೋ ಹಾಡು, ಲೈವ್ ಹಾಡು ಬೆರೆತಿದ್ದಾಗ ಗಾಯಕ ಕುಗ್ಗಿದರು, ಹಿಗ್ಗಿದರು ಎಂದು ಅವಸರದ ತೀರ್ಪು ಕೊಡಬೇಡಿ. ರೋಡ್ಸ್ ಸೋಲೊಗಳಿಗೂ ಇದೇ ಉಪಾಯ: ಒಂದೇ ಸೋಲೊವನ್ನು ಅಕ್ಷರಶಃ ಮೂರು ಸಲ ನುಡಿಸಿ, ಒಂದನ್ನು ನಡುವೆ, ಎರಡನ್ನು ಎಡಬಲಕ್ಕೆ ಹರಡಿದ್ದಾರೆ. ‘ಕ್ರೇಜಿ ಟ್ರೇನ್’ನ ಸೋಲೊ ಎಡ ಕಿವಿಯಲ್ಲಿ ಮಾತ್ರ ಕೇಳಿ, ಆಮೇಲೆ ಬಲ ಕಿವಿಯಲ್ಲಿ ಮಾತ್ರ. ಸಣ್ಣ ಸಣ್ಣ ವ್ಯತ್ಯಾಸ ಕಿವಿಗೆ ಬಿದ್ದರೆ ನಿಮ್ಮ ಕೈಯಲ್ಲಿರುವ ಮಾಸ್ಟರ್ ಚೆನ್ನಾಗಿದೆ ಎಂದೇ ಲೆಕ್ಕ. ಎಲ್ಲ ಸೇರಿ ಮಧ್ಯದಲ್ಲಿ ಮುದ್ದೆಯಾಗಿದ್ದರೆ ಎಲ್ಲೋ ಹಿಂಡಿದ್ದಾರೆ, ಇಲ್ಲವೇ ಅದು ಕಡಿಮೆ ಗುಣಮಟ್ಟದ ಎಂಪಿ3.

ಕತ್ತರಿಯ ವಿಷಯ. ಒಂದು ಸಿಡಿಗೆ ಹಿಡಿಸುವುದು ಹೆಚ್ಚೆಂದರೆ 80 ನಿಮಿಷದ ಆಸುಪಾಸು. ‘ಓಝ್‌ಮನ್’ ಡಿಸ್ಕ್ ಕಂಠಮಟ್ಟ ತುಂಬಿದೆ. ಅದಕ್ಕೆ ತಲೆ ಕೊಟ್ಟದ್ದು ‘ನೋ ಮೋರ್ ಟಿಯರ್ಸ್’. ಮೂಲ ಆಲ್ಬಂನಲ್ಲಿ ಅದು 7 ನಿಮಿಷ ದಾಟುವ ಹಾಡು, ಇಲ್ಲಿರುವುದು ಆರು ನಿಮಿಷದೊಳಗಿನ ಸಿಂಗಲ್ ಆವೃತ್ತಿ. ಬೇಸ್ ರಿಫ್‌ನಿಂದ ಹೊರಟು ನಿಧಾನಕ್ಕೆ ಕಟ್ಟುತ್ತಾ, ನಡುವೆ ಉಸಿರು ಬಿಟ್ಟು, ಮತ್ತೆ ಸೋಲೊಗೆ ಏರುವ ಹಾಡಿಗೆ ಸಮಯವೇ ಜೀವಾಳ. ಕತ್ತರಿಸಿದ್ದನ್ನೇ ಮೊದಲು ಕೇಳಿದವರು ಇದಕ್ಕೇಕೆ ಇಷ್ಟು ಹೆಸರು ಎಂದು ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಇದು ಈ ಸಂಕಲನದ ಅತಿ ದೊಡ್ಡ ದೋಷ. ಎರಡನೆಯ ಸ್ಯಾಬತ್ ಹಾಡನ್ನು ಬೋನಸ್ ಡಿಸ್ಕಿಗೆ ಕಳಿಸಿದ್ದರೆ ಇಡೀ ಹಾಡು ಹಿಡಿಸುತ್ತಿತ್ತು, ‘ಪೆರಿ ಮೇಸನ್’ಗೂ ಜಾಗವಾಗುತ್ತಿತ್ತು. ಯಾವ ಸಂಕಲನ ಸಿಕ್ಕರೂ ಉದ್ದದ ಹಾಡುಗಳ ಸಮಯವನ್ನು ಮೂಲ ಆಲ್ಬಂ ಜೊತೆ ಹೋಲಿಸಿ ನೋಡಿ. ಐದಾರು ಸೆಕೆಂಡಿನ ವ್ಯತ್ಯಾಸ ಹಾಡುಗಳ ನಡುವಿನ ಮೌನದ್ದೋ ಟೇಪ್ ವೇಗದ್ದೋ ಇರುತ್ತದೆ, ಬಿಟ್ಟುಬಿಡಿ. ಇಪ್ಪತ್ತು ಸೆಕೆಂಡ್ ದಾಟಿದರೆ ಯಾರೋ ಕತ್ತರಿ ಆಡಿಸಿದ್ದಾರೆ. ‘ಮಿಸ್ಟರ್ ಕ್ರೌಲಿ’ಯಲ್ಲಿ ಡಾನ್ ಏರಿ ನುಡಿಸಿದ ಕೀಬೋರ್ಡ್ ಪೀಠಿಕೆ ಪೂರ್ತಿ ಇದೆಯೇ ಎಂಬುದನ್ನೂ ನೋಡಬೇಕು. ‘ಓಝ್‌ಮನ್’ನಲ್ಲಿ ಇದೆ.

‘ಬ್ಯಾಕ್ ಆನ್ ಅರ್ತ್’ ಥರದ ಹೊಸ ಹಾಡುಗಳು ಸಂಕಲನಗಳಿಗೆ ಅಂಟಿಕೊಂಡೇ ಬರುತ್ತವೆ. ಎಲ್ಲ ಆಲ್ಬಂ ಇರುವ ಅಭಿಮಾನಿಯೂ ಕೊಳ್ಳಲಿ ಎಂದು ಇಡುವ ಗಾಳದ ಹುಳು ಅದು. ಹಾಡು ಕೇಳಬಹುದು, ಅದಕ್ಕಾಗಿ ದುಡ್ಡು ಕೊಡಬೇಕಿಲ್ಲ. ಮೊದಲ ಮುದ್ರಣಗಳ ಜೊತೆ ಬಂದ ಬೋನಸ್ ಡಿಸ್ಕಿನಲ್ಲಿ ಅದೇ 1970ರ ‘ಫೇರೀಸ್ ವೇರ್ ಬೂಟ್ಸ್’, ‘ಬಿಹೈಂಡ್ ದ ವಾಲ್ ಆಫ್ ಸ್ಲೀಪ್’, ಜೊತೆಗೆ 1988ರ ಒಂದು ಸಂದರ್ಶನ ಇವೆ. ಆ ಡಿಸ್ಕ್ ಸಮೇತ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನಿಮ್ಮ ಮಾರಾಟಗಾರರ ಡಿಸ್ಕ್ ಯಾವ ಮುದ್ರಣ ಎಂದು ತಿಳಿಯುವ ದಾರಿ: ಒಂಬತ್ತನೆಯ ಹಾಡು ನೋಡಿ. ‘ಶಾಟ್ ಇನ್ ದ ಡಾರ್ಕ್’ ಇದ್ದರೆ 1997ರ ಪಟ್ಟಿ. ನಂತರದ ಮುದ್ರಣಗಳಲ್ಲಿ ಅದನ್ನು ತೆಗೆದು ‘ಮಿರಾಕಲ್ ಮ್ಯಾನ್’ ಹಾಕಿದ್ದಾರೆ. ‘ಶಾಟ್ ಇನ್ ದ ಡಾರ್ಕ್’ 1986ರ ‘ದಿ ಅಲ್ಟಿಮೇಟ್ ಸಿನ್’ ಆಲ್ಬಂನದು, ಬೇಸ್ ವಾದಕ ಫಿಲ್ ಸೂಸನ್ ಜೊತೆ ಬರೆದದ್ದು. 2002ರ ಮರುಬಿಡುಗಡೆಗಳ ಸಾಲಿನಲ್ಲಿ ಆ ಇಡೀ ಆಲ್ಬಂಗೇ ಜಾಗವಿರಲಿಲ್ಲ. ಎರಡು ಡಿಸ್ಕಿನ ‘ಎಸೆನ್ಷಿಯಲ್’ನಲ್ಲೂ ಅದರ ಒಂದು ಹಾಡೂ ಇಲ್ಲ. ಓಝಿಯ ಎಂಬತ್ತರ ದಶಕದ ದೊಡ್ಡ ಹಿಟ್‌ಗಳಲ್ಲೊಂದನ್ನು ಬಿಟ್ಟು ‘ಅತ್ಯಗತ್ಯ’ ಎಂದು ಹೆಸರಿಟ್ಟರೆ ಏನನ್ನಬೇಕು? ‘ಎಸೆನ್ಷಿಯಲ್’ ಪರವಾಗಿ ಹೇಳಬೇಕಾದ್ದೂ ಇದೆ. ‘ಫ್ಲೈಯಿಂಗ್ ಹೈ ಅಗೇನ್’, ‘ಡೈರಿ ಆಫ್ ಎ ಮ್ಯಾಡ್‌ಮನ್’, ‘ಪೆರಿ ಮೇಸನ್’, ‘ರೋಡ್ ಟು ನೋವೇರ್’ ಎಲ್ಲ ಅದರಲ್ಲಿವೆ, 2001ರ ‘ಡ್ರೀಮರ್’ ಕೂಡ. ಪಟ್ಟಿಯಲ್ಲಿ ‘ಎಸೆನ್ಷಿಯಲ್’ ಗೆಲ್ಲುತ್ತದೆ. ಧ್ವನಿಮುದ್ರಣದ ಶುದ್ಧತೆಯಲ್ಲಿ ‘ಓಝ್‌ಮನ್’ ಗೆಲ್ಲುತ್ತದೆ. ‘ಎಸೆನ್ಷಿಯಲ್’ ಕೊಳ್ಳುವುದೇ ಆದರೆ ಮೊದಲು ‘ಓವರ್ ದ ಮೌಂಟನ್’ನ ಆರಂಭ ಕೇಳಿ, ಆಮೇಲೆ ಜೇಬಿಗೆ ಕೈ ಹಾಕಿ. 2014ರ ‘ಮೆಮೊಯರ್ಸ್ ಆಫ್ ಎ ಮ್ಯಾಡ್‌ಮನ್’ ಮೂಲ ಟ್ರ್ಯಾಕ್‌ಗಳು ಮರಳಿದ ಮೇಲೆ ಬಂದದ್ದು, ಒಂದೇ ಡಿಸ್ಕಿನಲ್ಲಿ 2010ರವರೆಗಿನ ಓಝಿಯನ್ನು ಮುಟ್ಟಿಸುತ್ತದೆ. 2020ರ ‘ಆರ್ಡಿನರಿ ಮ್ಯಾನ್’, 2022ರ ‘ಪೇಶೆಂಟ್ ನಂಬರ್ 9’ ಅದಕ್ಕೆ ಸಿಗುವುದಿಲ್ಲ. 2005ರ ನಾಲ್ಕು ಡಿಸ್ಕಿನ ‘ಪ್ರಿನ್ಸ್ ಆಫ್ ಡಾರ್ಕ್‌ನೆಸ್’ ಪೆಟ್ಟಿಗೆ ಹೊಸಬರಿಗೆ ಹೇಳಿದ್ದಲ್ಲ. ಅದರಲ್ಲಿ ಒಂದು ಇಡೀ ಡಿಸ್ಕ್ ಬೇರೆಯವರ ಜೊತೆಗಿನ ಹಾಡುಗಳು, ಇನ್ನೊಂದು ಬೇರೆಯವರ ಹಾಡುಗಳ ಮರುಗಾಯನ.

ಮಾಸ್ಟರಿಂಗ್ (ಸಿಡಿ ಒತ್ತುವ ಮುಂಚೆ ಸದ್ದನ್ನು ಹದಗೊಳಿಸುವುದು) ಬಗ್ಗೆ ನೀವು ಕೇಳಿಲ್ಲ, ಆದರೆ ಎರಡು ಸಂಕಲನ ಹೋಲಿಸುವಾಗ ಎಲ್ಲರೂ ಎಡವುವುದು ಇಲ್ಲೇ. ಒಂದು ಹಾಡು ಇನ್ನೊಂದಕ್ಕಿಂತ ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ ‘ಒಳ್ಳೆಯದು’ ಎನ್ನುತ್ತದೆ. ತೊಂಬತ್ತರ ದಶಕದ ಕೊನೆಯಿಂದ ರೀಮಾಸ್ಟರ್‌ಗಳು ಜೋರಾಗುತ್ತಲೇ ಹೋದವು. ಅದಕ್ಕಾಗಿ ಡ್ರಮ್ ಪೆಟ್ಟಿನ ತುದಿಗಳನ್ನು ಸವರಿಹಾಕುತ್ತಾರೆ, ಮೊದಲ ನಿಮಿಷ ರೋಮಾಂಚನ, ಹತ್ತನೆಯ ನಿಮಿಷಕ್ಕೆ ಕಿವಿ ದಣಿವು. ಹೋಲಿಸುವ ಕ್ರಮ ಹೀಗೆ: ಎರಡೂ ಸಿಡಿಗಳಿಂದ ಅದೇ ಹಾಡನ್ನು ವೇವ್ ಅಥವಾ ಫ್ಲ್ಯಾಕ್ ಆಗಿ ಕಂಪ್ಯೂಟರಿಗೆ ಇಳಿಸಿ. ಆಡಾಸಿಟಿ ಎಂಬ ಧ್ವನಿ ಸಂಪಾದನಾ ತಂತ್ರಾಂಶದಲ್ಲಿ ತೆರೆದು ಎರಡಕ್ಕೂ ‘ಲೌಡ್‌ನೆಸ್ ನಾರ್ಮಲೈಸೇಶನ್’ ಹಾಕಿ ಮೈನಸ್ 23 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಅನ್ನಿಸುವ ಸದ್ದಿನ ಅಳತೆ) ತನ್ನಿ. ಸದ್ದು ಸಮವಾದ ಮೇಲೆ ಹತ್ತು ಹತ್ತು ಸೆಕೆಂಡ್ ಬದಲಿಸಿ ಬದಲಿಸಿ ಕೇಳಿ. ಸ್ನೇರ್ ಡ್ರಮ್ಮಿನ ಪೆಟ್ಟು ಯಾವುದರಲ್ಲಿ ಗೋಡೆಯಿಂದ ಮುಂದಕ್ಕೆ ಚಾಚಿದಂತೆ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ. ಸಂಖ್ಯೆ ಬೇಕೆಂದರೆ ಫೂಬಾರ್2000 ಎಂಬ ಪ್ಲೇಯರ್ ತಂತ್ರಾಂಶಕ್ಕೆ ಡೈನಮಿಕ್ ರೇಂಜ್ (ಡಿಆರ್, ಅಂದರೆ ಮೆಲುಸದ್ದಿಗೂ ಜೋರುಸದ್ದಿಗೂ ಇರುವ ಅಂತರ) ಮೀಟರ್ ಎಂಬ ಜೋಡಣೆ ಇದೆ. ಎಂಬತ್ತರ ದಶಕದ ಮೆಟಲ್‌ಗೆ ಡಿಆರ್ 11ರಿಂದ 13 ಬಂದರೆ ನೆಮ್ಮದಿ, 8ರ ಹತ್ತಿರ ಬಂದರೆ ಸಹಿಸಬಹುದು, 5-6 ಬಂದರೆ ಹಿಂಡಿಟ್ಟಿದ್ದಾರೆ. ಈ ಸಂಖ್ಯೆಯನ್ನು ಸಿಡಿಗೆ ಸಿಡಿ ಹೋಲಿಸಲು ಮಾತ್ರ ಬಳಸಿ. ಎಲ್‌ಪಿಯಿಂದ ಇಳಿಸಿದ ಕಡತ ಅದೇ ಮಾಸ್ಟರ್‌ನದ್ದಾದರೂ ಹೆಚ್ಚು ಸಂಖ್ಯೆ ತೋರಿಸುತ್ತದೆ, ಅದನ್ನು ನಂಬಿ ಎಲ್‌ಪಿ ಹುಡುಕಿ ಹೊರಟವರು ಬಹಳ ಮಂದಿ.

ಒಂದು ಕಡತದ ಧ್ವನಿತರಂಗವನ್ನು ತಲೆಕೆಳಗು ಮಾಡಿ ಇನ್ನೊಂದರ ಮೇಲೆ ಕೂರಿಸಿ, ಮೌನ ಬಂದರೆ ಎರಡೂ ಒಂದೇ ಎನ್ನುವ ಪರೀಕ್ಷೆಯನ್ನೂ ಹೇಳುತ್ತಾರೆ. ಎರಡೂ ಸಿಡಿಗೆ ಒಂದೇ ಡಿಜಿಟಲ್ ಮಾಸ್ಟರ್ ಬಳಸಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬೇರೆ ಬೇರೆ ವರ್ಷ ಟೇಪಿನಿಂದ ಇಳಿಸಿದ್ದರೆ ಯಂತ್ರದ ವೇಗ ಶೇಕಡಾ 0.1ರಷ್ಟು ಬದಲಾದರೂ ಐದು ನಿಮಿಷದಲ್ಲಿ 0.3 ಸೆಕೆಂಡ್ ಜಾರುತ್ತದೆ, ಮೌನ ಬರುವುದೇ ಇಲ್ಲ. ಆಗ ‘ವಾದಕರೇ ಬೇರೆ’ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ವಾದಕರು ಬದಲಾದದ್ದನ್ನು ಕಿವಿಯಿಂದಲೇ ಹಿಡಿಯಬೇಕು.

ಸ್ಟ್ರೀಮಿಂಗ್‌ನಲ್ಲಿ ಕೇಳುವುದಾದರೆ ಆಲ್ಬಂ ಪುಟದ ಕೆಳಗೆ, ವೃತ್ತದೊಳಗೆ ‘ಪಿ’ ಅಕ್ಷರದ ಗುರುತಿನ ಪಕ್ಕದ ವರ್ಷ ನೋಡಿ. ಅದು ಧ್ವನಿಮುದ್ರಣದ ಹಕ್ಕಿನ ವರ್ಷ. ಅಲ್ಲಿ 2002 ಕಂಡರೆ ಎಚ್ಚರ, ಆದರೆ ಕಾಣದಿದ್ದರೆ ನಿಶ್ಚಿಂತೆ ಎಂದೇನಿಲ್ಲ. ಕಂಪನಿಗಳು ಆ ಸಾಲನ್ನು ಬೇಕಾಬಿಟ್ಟಿ ತುಂಬುತ್ತವೆ. 2020ರಲ್ಲಿ ‘ಬ್ಲಿಜರ್ಡ್’, 2021ರಲ್ಲಿ ‘ಡೈರಿ’ 40ನೆಯ ವರ್ಷದ ಡಿಜಿಟಲ್ ಆವೃತ್ತಿಯಾಗಿ ಬಂದಿವೆ, ಹೋಲಿಕೆಗೆ ಅವು ಸುಲಭಕ್ಕೆ ಸಿಗುತ್ತವೆ.

ನನ್ನ ತೀರ್ಪು ಕೇಳಿದರೆ: ‘ಶಾಟ್ ಇನ್ ದ ಡಾರ್ಕ್’ ಇರುವ ಮುದ್ರಣವಾದರೆ ‘ಓಝ್‌ಮನ್ ಕಮೆತ್’ ತಗೊಳ್ಳಿ. ಅದರ ಜೊತೆಗೆ 2011ರ ‘ಡೈರಿ ಆಫ್ ಎ ಮ್ಯಾಡ್‌ಮನ್’ ಸೇರಿಸಿ, ನಿಮ್ಮ 2002ರ ಪ್ರತಿಯನ್ನು ಹೋಲಿಕೆಗೆಂದೇ ಉಳಿಸಿಕೊಳ್ಳಿ. ‘ನೋ ಮೋರ್ ಟಿಯರ್ಸ್’ ಇಡಿಯಾಗಿ ಸ್ಟ್ರೀಮಿಂಗ್‌ನಲ್ಲಿ ಕೇಳಿ. ಹಾಗೆಯೇ 1987ರ ‘ಟ್ರಿಬ್ಯೂಟ್’. ಬಹುಪಾಲು 1981ರ ಮೇ ತಿಂಗಳಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮುದ್ರಿಸಿದ್ದು, ರೋಡ್ಸ್ ವಿಮಾನ ದುರಂತದಲ್ಲಿ ತೀರಿಕೊಳ್ಳಲು ಇನ್ನೂ ಹತ್ತು ತಿಂಗಳಿತ್ತು. ಸಾರ್ಜೊ ಮತ್ತು ಆಲ್ಡ್ರಿಜ್ ಅದರಲ್ಲಿ ನಿಜಕ್ಕೂ ನುಡಿಸಿದ್ದಾರೆ. ‘ಡೈರಿ’ ಕವರ್‌ನ ಆ ಇಬ್ಬರ ಕೈಚಳಕ ಏನು ಎನ್ನುವುದು ಅಲ್ಲಿ ಗೊತ್ತಾಗುತ್ತದೆ.

ಡಿಸ್ಕ್ ಕೈಗೆ ಬಂದಾಗ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಕಾರ್ಖಾನೆಯಲ್ಲಿ ಒತ್ತಿದ ಸಿಡಿಯ ಕೆಳಬದಿ ಬೆಳ್ಳಿ ಬಣ್ಣದ್ದು, ಒಳಗಿನ ತೂತಿನ ಸುತ್ತ ಕೆತ್ತಿದ ಅಂಕಿ ಅಕ್ಷರಗಳು ಇರುತ್ತವೆ. 1997ರ ಡಿಸ್ಕ್ ಆದ್ದರಿಂದ ಅಲ್ಲಿ ‘ಐಎಫ್‌ಪಿಐ’ ಎಂದು ಶುರುವಾಗುವ ಸಣ್ಣ ಸಂಕೇತವೂ ಸಾಮಾನ್ಯವಾಗಿ ಇರಬೇಕು. ಕೆಳಬದಿ ಹಸಿರು, ನೀಲಿ ಅಥವಾ ನೇರಳೆ ಛಾಯೆಯದಾಗಿದ್ದರೆ ಅದು ಮನೆಯಲ್ಲಿ ಬರೆದ ಡಿಸ್ಕ್, ಒಳಗಿರುವುದು ಎಂಪಿ3ಯಿಂದ ಮರಳಿ ಬರೆದದ್ದೂ ಆಗಿರಬಹುದು. ಗೀಚುಗಳಲ್ಲಿ ಮಧ್ಯದಿಂದ ಅಂಚಿಗೆ ಹೋಗುವ ಗೆರೆಗಳು ಅಷ್ಟು ತೊಂದರೆ ಕೊಡುವುದಿಲ್ಲ, ಹಾಡಿನ ಜಾಡಿನ ಉದ್ದಕ್ಕೆ ಸುತ್ತುವ ಗೆರೆಗಳು ಕೊಡುತ್ತವೆ. ಅದಕ್ಕಿಂತ ಕೆಟ್ಟದ್ದು ಮೇಲ್ಬದಿಯ, ಅಂದರೆ ಹೆಸರು ಮುದ್ರಿಸಿದ ಬದಿಯ ಗೀಚು, ಏಕೆಂದರೆ ದತ್ತಾಂಶದ ಪದರ ಇರುವುದು ಆ ಬಣ್ಣದ ಕೆಳಗೇ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡರೆ ಬಿಟ್ಟುಬಿಡಿ. ಅಂಗಡಿಯಲ್ಲಿ ಪ್ಲೇಯರ್ ಇದ್ದರೆ ಕೊನೆಯ ಹಾಡನ್ನು ಹಾಕಿಸಿ. ಸಿಡಿ ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತದೆ, ಇಷ್ಟು ತುಂಬಿದ ಡಿಸ್ಕಿನಲ್ಲಿ ಕೊನೆಯ ಹಾಡು ಅಂಚಿನವರೆಗೂ ಬರುತ್ತದೆ, ಕೈ ಹಿಡಿದು ಸವೆಯುವುದೂ ಅಂಚೇ. ‘ಬ್ಯಾಕ್ ಆನ್ ಅರ್ತ್’ ತಡವರಿಸದೆ ಮುಗಿದರೆ ಡಿಸ್ಕ್ ಸರಿ ಇದೆ.